ಸಮುದ್ರದ ಗಾಳಿಗೆ ಮೆತ್ತಗಾದ ರೊಟ್ಟಿ

ಮದುವೆಯಾಗಿ ಐದು ತಿಂಗಳಾದರೂ ನಾನು ಗಂಡನ ಜೊತೆ ಒಂದು ಮಾತನ್ನು ಪೂರ್ತಿ ಮುಗಿಸಿರಲಿಲ್ಲ. ಶಲವಡಿಯ ಆ ಮನೆಯಲ್ಲಿ ನಾವು ಹದಿನಾಲ್ಕು ಜನ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಕೆಮ್ಮುತ್ತ ಒಳಗೆ ಬರುತ್ತಿದ್ದರು, ಇಲ್ಲವೆ ನಾದಿನಿಗೆ ಎಣ್ಣೆಯ ಡಬ್ಬಿ ಬೇಕಾಗುತ್ತಿತ್ತು. ಹಾಗಾಗಿ ಸಾಲಿ ಮಾಸ್ತರರಾದ ಇವರು, ದಸರೆಯ ಸೂಟಿಯಲ್ಲಿ ಕಾರವಾರದ ಕಡೆ ಸಮುದ್ರ ನೋಡಿ ಬರೋಣ ಎಂದಾಗ ನನಗೆ ಹಿಗ್ಗೋ ಹಿಗ್ಗು. ಸಮುದ್ರ ಹೇಗಾದರೂ ಇರಲಿ, ನಾಲ್ಕು ದಿನ ಇವರೊಡನೆ ಕೂತು ಮಾತಾಡಬಹುದಲ್ಲ!

ಹೊರಡುವ ಮುನ್ನಾದಿನ ಅತ್ತೆ ಅರವತ್ತು ರೊಟ್ಟಿ ಬಡಿದರು. ಯಾಕಿಷ್ಟು ಎಂದು ಕೇಳಿದೆ.

"ನಾನೂ ಬರತೀನಿ. ನನಗೂ ಸಮುದ್ರ ನೋಡೂದೈತಿ."

ಇವರು ತಲೆ ಕೆರೆದುಕೊಂಡರು. ನಾನು ಒಳಗೊಳಗೇ ಕುದ್ದುಹೋದೆ.

ಬಸ್ಸಿನಲ್ಲಿ ಅತ್ತೆಗೆ ಕಿಟಕಿ, ನನ್ನ ತೊಡೆಯ ಮೇಲೆ ಧೋತರದಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಗಂಟು. ಇವರು ಹಿಂದಿನ ಸೀಟಿನಲ್ಲಿ ಯಾರದೋ ಹೆಗಲ ಮೇಲೆ ನಿದ್ದೆ ಹೊಡೆಯುತ್ತಿದ್ದರು. ಘಟ್ಟ ಇಳಿಯುವಾಗ ಹಿಡಿದ ಮಳೆ ಆಮೇಲೆ ಬಿಡಲೇ ಇಲ್ಲ.

ನಾವು ಉಳಿದದ್ದು ದಂಡೆಯ ಪಕ್ಕ ಬಾಡಿಗೆಗೆ ಕೋಣೆ ಕೊಡುವ ಒಂದು ಮನೆಯಲ್ಲಿ. ಆ ಮಳೆಯಲ್ಲಿ ಸಮುದ್ರ ನೋಡಲು ಬಂದ ಜಾಣರು ನಾವು ಮೂವರೇ. ಮನೆಯೊಡತಿ ನಮ್ಮನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ನಕ್ಕಳು. ಅವಳ ಅಡುಗೆಮನೆಯಿಂದ ಮೀನಿನ ಸಾರಿನ ವಾಸನೆ ಬಂತು. ಅತ್ತೆ ಮೂಗಿಗೆ ಸೆರಗು ಹಿಡಿದು ಫರ್ಮಾನು ಹೊರಡಿಸಿದರು:

"ರೊಟ್ಟಿ ಇರೂತನಾ ಇರೂಣು. ರೊಟ್ಟಿ ಕೆಟ್ಟವಂದ್ರ ಊರಿಗೆ ಹೋಗೂಣು."

ಮರುದಿನ ಬೆಳಿಗ್ಗೆ ಗಂಟು ಬಿಚ್ಚಿದರೆ, ಕಟಕ್ಕೆಂದು ಮುರಿಯಬೇಕಾದ ರೊಟ್ಟಿ ಒದ್ದೆ ಟವೆಲಿನಂತೆ ಕೈಯಲ್ಲಿ ಜೋತುಬಿತ್ತು. ನಮ್ಮೂರ ಒಣಗಾಳಿಯಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗಿರುವ ರೊಟ್ಟಿ! ಅತ್ತೆ ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. ನನ್ನ ನಾಲ್ಕು ದಿನವೂ ಕೈತಪ್ಪಿದವು ಎಂದುಕೊಂಡೆ.

"ಕಾಸಿ ಕಡಕ್ ಮಾಡಿ ಕೊಡತೀನ್ರಿ ಅತ್ತಿ," ಎಂದೆ.

ಹಿತ್ತಲಿನ ಬಚ್ಚಲಲ್ಲಿ ದೊಡ್ಡದೊಂದು ಹಂಡೆ, ಅದರ ಕೆಳಗೆ ದಿನವಿಡೀ ಉರಿಯುವ ಒಲೆ. ಒಲೆಯ ಸುತ್ತ ರೊಟ್ಟಿಗಳನ್ನು ಒರಗಿಸಿ ನಿಲ್ಲಿಸಿದೆ. ಕಟ್ಟಿಗೆ ಹಸಿಯಾಗಿತ್ತು. ಊದಲಿಕ್ಕೆಂದು ಇವರೂ ಬಂದು ಕೂತರು. ಅತ್ತೆ ಮಾತ್ರ ಮನೆಯೊಡತಿಯ ಕೊಡೆ ಇಸಿದುಕೊಂಡು ಸಮುದ್ರಕ್ಕೆ ನಡೆದರು. ಮಧ್ಯಾಹ್ನ ಮೊಳಕಾಲಿನತನಕ ನೆನೆದು ಬಂದು, ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಗಡದ್ದಾಗಿ ಉಂಡರು.

ಎರಡನೆಯ ದಿನ ರೊಟ್ಟಿ ಮತ್ತೆ ಮೆತ್ತಗಾಯಿತು. ಮೂರನೆಯ ದಿನವೂ ಅದೇ ಕಥೆ. ಎಷ್ಟು ಬಿಗಿಯಾಗಿ ಕಟ್ಟಿಟ್ಟರೂ ಬೆಳಗಾಗುವಷ್ಟರಲ್ಲಿ ಜೋತುಬೀಳುತ್ತಿತ್ತು. ಅತ್ತೆ ಸಮುದ್ರಕ್ಕೆ, ನಾವು ಬಚ್ಚಲಿಗೆ. ಸಮುದ್ರವೆಂದರೆ ನನಗೆ ಗೋಡೆಯಾಚೆಯ ಸದ್ದು, ಅಷ್ಟೆ. ಹೊಗೆಗೆ ಕಣ್ಣೀರು ಸುರಿಸುತ್ತ ನಾವು ಮಾತಾಡುತ್ತಿದ್ದೆವು, ಮತ್ತೇನು ಮಾಡುವುದು? ಹೆಡ್‌ಮಾಸ್ತರರನ್ನು ಕಂಡರೆ ತಮಗೂ ಹುಡುಗರಷ್ಟೇ ಭಯವೆಂದು ಇವರು ಒಪ್ಪಿಕೊಂಡರು.

"ಕನ್ಯಾ ನೋಡಾಕ ಬಂದಾಗ ನಿನ್ನ ಮಾರಿ ನೋಡೇ ಇಲ್ಲ. ನಾಚಿಕಿ ಆಗಿ ಉಪ್ಪಿಟ್ಟ ನೋಡಿದ್ನಿ," ಎಂದರು.

"ಮತ್ತ ಹೂಂ ಅಂದದ್ದು ಉಪ್ಪಿಟ್ಟಿಗೇನ್ರಿ?" ಎಂದು ಕೇಳಿ ನಾನು ನಕ್ಕ ನಗುವಿಗೆ ಎರಡು ರೊಟ್ಟಿ ಬೂದಿಗೆ ಬಿದ್ದವು. ಆದರೂ ಅತ್ತೆಯ ಮೇಲಿನ ಸಿಟ್ಟು ಇಳಿದಿರಲಿಲ್ಲ.

ಕೊನೆಯ ದಿನ ನನಗೆ ಬೇಗ ಎಚ್ಚರವಾಯಿತು. ಎದ್ದು ನೋಡಿದರೆ, ಅತ್ತೆ ನಾನು ಕಟ್ಟಿದ ಗಂಟು ಬಿಚ್ಚಿ, ತುಂತುರು ಬೀಸುತ್ತಿದ್ದ ಕಿಟಕಿಯಲ್ಲಿ ಒಂದೊಂದೇ ಕಡಕ್ ರೊಟ್ಟಿಯನ್ನು ಹರವುತ್ತಿದ್ದರು.

"ಅತ್ತಿ! ಏನ್ ಮಾಡಾಕತ್ತೀರಿ?"

ಒಮ್ಮೆ ಬೆಚ್ಚಿದರು. ಆಮೇಲೆ ಇನ್ನೊಂದು ರೊಟ್ಟಿ ಇಟ್ಟರು.

"ಮೆಲ್ಲಕ ಮಾತಾಡ, ಅವ ಎದ್ದಾನು. ನಾ ಬರದಿದ್ರ ನಿಮ್ಮ ಮಾವ ನಿಮ್ಮಿಬ್ಬರನ್ನ ಕಳಸತಿದ್ದರೇನು? ಲಗ್ನಾಗಿ ಎರಡು ವರ್ಷ ನಾ ಅವರ ದನಿ ಗ್ವಾಡಿ ಆಚಿಂದನ ಕೇಳೀನವ್ವಾ. ಹೋಗು, ಒಲಿ ಮುಂದ ಕುಂದರು."

ಕೊಡೆ ಹಿಡಿದು ಮಳೆಯಲ್ಲಿ ಹೊರಟೇಬಿಟ್ಟರು. ನಾನು ಕಿಟಕಿಯ ಪಕ್ಕ ಕೂತೆ. ರೊಟ್ಟಿ ಚೆನ್ನಾಗಿ ಮೆತ್ತಗಾಗುವ ತನಕ ಕಾದು, ಇವರನ್ನು ಎಬ್ಬಿಸಿದೆ.

"ಏಳ್ರಿ, ಮತ್ತ ಮೆತ್ತಗಾಗ್ಯಾವ."