ಕೊಡದೆ ಇಟ್ಟುಕೊಂಡ ಸಭೆಯ ಪತ್ರ

ಒಂದೇ ಸಮಾಧಿಗಲ್ಲಿನ ಮೇಲೆ ನಾಲ್ಕು ಹೆಸರು. ಕೆಳಗೆ ಒಂದು ಗೇಣು ಖಾಲಿ ಜಾಗ. ಮನೆ ಮಾಲಕಿ ಸ್ಟೆಲ್ಲಾ ಆಂಟಿ ಆ ಜಾಗವನ್ನು ಸೆರಗಿನಿಂದ ಒರೆಸಿ, ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ ತಟ್ಟಿ, "ಇದು ನಂದು" ಎಂದರು.

ನಾನು ಹಲಸೂರಿಗೆ ಬಂದ ಮೊದಲ ವರ್ಷ ಅದು. ನವೆಂಬರ್ ಎರಡರಂದು ಇಲ್ಲಿನ ಕ್ರೈಸ್ತರು ಸೇವಂತಿಗೆ, ಮೇಣದ ಬತ್ತಿ, ಟಿಫಿನ್ ಕ್ಯಾರಿಯರ್ ಹಿಡಿದು, ತೀರಿಕೊಂಡವರನ್ನು ನೆನೆಯಲು ಸಿಮೆಟ್ರಿಗೆ, ಅಂದರೆ ಸಮಾಧಿಗಳಿರುವ ತೋಟಕ್ಕೆ, ಹೋಗುತ್ತಾರೆ. ಹುಮನಾಬಾದ್ ಕಡೆಯ ನಮ್ಮ ಹಳ್ಳಿಯಲ್ಲಿ ಈ ದಿನವನ್ನು ಆಚರಿಸುವುದಿಲ್ಲ. ಅಲ್ಲಿ ಊರ ಹೊರಗೆ ಬೇಕಾದಷ್ಟು ನೆಲ, ಒಬ್ಬರಿಗೊಂದು ಗುಂಡಿ. ಇಲ್ಲಿ ನೆಲ ಎಲ್ಲಿಂದ ತರುತ್ತಾರೆ? ಕೆಲವು ವರ್ಷ ಕಳೆದ ಮೇಲೆ ಅದೇ ಗುಂಡಿ ತೆಗೆದು, ಹಳೆಯ ಎಲುಬುಗಳನ್ನು ಪಕ್ಕಕ್ಕೆ ಸೇರಿಸಿ, ಆ ಮನೆಯವರನ್ನೇ ಮತ್ತೆ ಮಲಗಿಸುತ್ತಾರೆ. ಆಂಟಿಯ ಅತ್ತೆ, ಮಾವ, ನಾದಿನಿ, ಗಂಡ ಎಲ್ಲರೂ ಅಲ್ಲೇ.

"ಬದುಕಿದ್ದಾಗ ಅತ್ತೆ ಜೊತೆ ಒಂದೇ ಅಡುಗೆಮನೆ, ಆಮೇಲೆ ಒಂದೇ ಗುಂಡಿ. ಮೇಲೆ ಹೋದ್ಮೇಲಾದ್ರೂ ಬೇರೆ ರೂಮ್ ಕೇಳ್ತೀನಮ್ಮಾ" ಎಂದು ಆಂಟಿ ನಕ್ಕರು. ಸಾವಿನ ಮಾತಾಡುತ್ತಾ ಹೀಗೆ ಹಗುರಾಗಿ ನಗುವವರನ್ನು ನಾನು ಕಂಡಿರಲಿಲ್ಲ.

ನಾನು ಬಂದದ್ದು ಗಂಡ ತೀರಿಕೊಂಡ ಮೇಲೆ. ಜೀವನ್ ಬಿಮಾ ನಗರದಲ್ಲಿ ಹೆಣ್ಣುಮಕ್ಕಳ ಪಿ.ಜಿ.ಯೊಂದರ ಅಡುಗೆ ಕೆಲಸ, ಆಂಟಿಯ ವಠಾರದಲ್ಲಿ ಒಂದು ಕೋಣೆ. ನನ್ನ ಕನ್ನಡ ಕೇಳಿ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಸುತ್ತಲಿನ ತಮಿಳು ನನಗೆ ತಲೆಗೆ ಹತ್ತುತ್ತಿರಲಿಲ್ಲ. ಕೈ ಹಿಡಿದದ್ದು ಬೀದರ್ ಕಡೆಯವರ ಬಾಯಲ್ಲಿ ಸದಾ ಇರುವ ದಖನಿ ಉರ್ದು. ಶಿವಾಜಿನಗರದ ಅಂಗಡಿಯಲ್ಲಿ ಆ ಮಾತಿನಲ್ಲಿ ಬಿಳಿಜೋಳ ಕೇಳಿದ್ದೇ ತಡ, ಅಂಗಡಿಯ ಸಾಹೇಬರು ಆಪಾ, ಅಂದರೆ ಅಕ್ಕ, ಎಂದು ಕರೆದು ಸ್ಟೂಲು ಎಳೆದು ಕೂರಿಸಿದರು. ಅಂದು ಬಡಿದ ರೊಟ್ಟಿಯನ್ನು ಆಂಟಿ ಮೀನು ಸಾರಿನಲ್ಲಿ ಅದ್ದಿ ತಿಂದರು. ನಮ್ಮೂರಲ್ಲಿ ಯಾರಾದರೂ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು!

ಎಲ್ಲಕ್ಕೂ ಹೊಂದಿಕೊಂಡೆ, ಒಂದನ್ನು ಬಿಟ್ಟು. ಊರು ಬಿಡುವಾಗ ನಮ್ಮ ಪಾಸ್ಟರು ಒಂದು ಪತ್ರ ಬರೆದುಕೊಟ್ಟಿದ್ದರು. ಅದನ್ನು ಇಲ್ಲಿನ ಸಭೆಗೆ, ಅಂದರೆ ಚರ್ಚಿಗೆ, ಕೊಟ್ಟರೆ ನಾನು ಇಲ್ಲಿಯ ಸದಸ್ಯಳು, ಸತ್ತರೆ ಇಲ್ಲಿಯ ಸಿಮೆಟ್ರಿ. ಊರಿನ ಸಭೆಯ ಪಟ್ಟಿಯಲ್ಲಿ ಹೆಸರು ಹೊಡೆದುಹಾಕುತ್ತಾರೆ. ಗಂಡನ ಪಕ್ಕ ನನಗೆಂದು ಬಿಟ್ಟ ಮೂರಡಿ ಮಣ್ಣೂ ಹೋಗುತ್ತದೆ. ಆರು ವರ್ಷ ಪತ್ರವನ್ನು ಸೀರೆಗಳ ಕೆಳಗಿಟ್ಟು, ಭಾನುವಾರ ಹಿಂದಿನ ಬೆಂಚಿನಲ್ಲಿ ನೆಂಟರ ಹಾಗೆ ಕೂತು ಬರುತ್ತಿದ್ದೆ.

ಹೋದ ವರ್ಷ ಸಿಮೆಟ್ರಿಯ ಮರದ ಕೆಳಗೆ ಪಲಾವ್ ಬಡಿಸುತ್ತಾ ಆಂಟಿ ಕೇಳಿಯೇ ಬಿಟ್ಟರು: "ಯಾಕೆ ಕೊಟ್ಟಿಲ್ಲ ಆ ಲೆಟರು?"

ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. "ಲೋಕದ ಕಡೀ ದಿನ ತುತ್ತೂರಿ ಊದಿದಾಗ ಸತ್ತವರೆಲ್ಲಾ ಮಲಗಿದಲ್ಲಿಂದ ಏಳ್ತಾರಲ್ರಿ ಆಂಟಿ. ನಾ ಇಲ್ಲಿ, ನಮ್ಮ ಮನಿಯವರು ಅಲ್ಲಿ. ಅಷ್ಟು ಮಂದಿಯೊಳಗ ಅವರನ್ನ ಹ್ಯಾಂಗ ಹುಡುಕ್ಲಿ?"

ಎಲ್ಲದಕ್ಕೂ ನಗುವ ಆಂಟಿ ಇದಕ್ಕೆ ನಗಲಿಲ್ಲ. "ನೋಡಮ್ಮಾ, ಇಲ್ಲಿ ನಾಲ್ಕು ಜನರ ಎಲುಬು ಕಲಸಿಹೋಗಿದೆ. ಯಾವುದು ನಮ್ಮ ಯಜಮಾನ್ರದ್ದು ಅಂತ ನಂಗೇ ಗೊತ್ತಾಗಲ್ಲ. ದೇವರಿಗೆ ಗೊತ್ತಾಗುತ್ತೆ. ಇದನ್ನ ಬಿಡಿಸೋನಿಗೆ ನಿಮ್ಮಿಬ್ಬರನ್ನ ಸೇರಿಸೋದು ಕಷ್ಟಾನಾ? ಹುಡುಕೋ ಕೆಲಸ ಅವನದ್ದು, ನಿಂದಲ್ಲ."

ಪಾಸ್ಟರುಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ. ಪರಲೋಕದ ಮನೆಯನ್ನು ಇಷ್ಟು ಹತ್ತಿರ ತಂದು ತೋರಿಸಿದವರು ಈ ಮುದುಕಿ ಒಬ್ಬರೇ. ಅದರ ಮುಂದಿನ ಭಾನುವಾರವೇ ಪತ್ರ ಕೊಟ್ಟೆ. ಪಾಸ್ಟರು ನನ್ನ ಹೆಸರು ಓದಿದಾಗ ಆಂಟಿ ಕೈ ಹಿಡಿದೆಳೆದು ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡರು.

ಮಧ್ಯಾಹ್ನ ಊರಿಗೆ ಫೋನು ಮಾಡಿ ನಾದಿನಿ ಸುವಾರ್ತಾಗೆ ವಿಷಯ ತಿಳಿಸಿದೆ. ಅವಳು "ಅಣ್ಣನ ಬಾಜೂ ಜಾಗ ಹಾಂಗೇ ಬಿಡೂದೇನ್ ವೈನಿ?" ಎಂದಳು.

"ಬ್ಯಾಡ. ನಿಮ್ಮೊಳಗ ಯಾರು ಮೊದಲ ಹೋಗ್ತೀರಿ, ಅವರನ್ನ ಅಲ್ಲೇ ಇಡ್ರಿ. ನಿಮ್ಮ ಅಣ್ಣಗ ಒಂಟಿ ಅನಸಬಾರ್ದು."

"ಹಂಗಾದ್ರ ಅದು ನಂಗಿರ್ಲಿ" ಎಂದಳು ಸುವಾರ್ತಾ.

ಇರಲಿ ಎಂದೆ. ಪರಲೋಕದ ಮನೆಯಲ್ಲಿ ಗಂಡ ನನಗೆ ಸಿಕ್ಕೇ ಸಿಗುತ್ತಾರೆ, ಅದರಲ್ಲಿ ಈಗ ಅನುಮಾನವಿಲ್ಲ. ಆದರೂ ಫೋನು ಇಟ್ಟ ಮೇಲೆ, ಅವರ ಪಕ್ಕದ ಮಣ್ಣು ಇನ್ನು ನನ್ನದಲ್ಲವಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತೆ.