ನಡುಮನೆಯ ಪಂಖಾ

ತಾಂಡೂರಿನ ಸ್ಟೇಷನ್ ಹಿಂದಿನ ಓಣಿಯಲ್ಲಿ ಪ್ರೇಮಲಾಳ ಮನೆಗೆ ಹೋದವರು ಅಡುಗೆಮನೆ ಮುಟ್ಟಬೇಕಾದರೆ ಒಂದು ವಿಮಾನವನ್ನು ದಾಟಬೇಕು. ರೇಡಿಯೊದಿಂದ ಹಾರಿಸುವ ಯುದ್ಧವಿಮಾನದ ಮಾದರಿ ಅದು. ಎಂಟು ಅಡಿ ರೆಕ್ಕೆ, ಮೂತಿಯೊಳಗೆ ಪೆಟ್ರೋಲ್ ಎಂಜಿನ್. ನಡುಮನೆಯನ್ನು ಪೂರ್ತಿ ಹಿಡಿದು, ಮೂತಿ ಮೇಲೆತ್ತಿ ನಿಂತಿದೆ. ಅದನ್ನು ಕಟ್ಟಿದವನು ಅವಳ ಗಂಡ ಗುರುಬಸವ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್. ಕಟ್ಟಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಮರದ ಪುಡಿ ಗುಡಿಸಿದವಳು, ನೆಲದ ಕಲ್ಲಿನಿಂದ ಅಂಟು ಕೆರೆದವಳು, ರೆಕ್ಕೆಗೆ ಎಳೆದ ಬಟ್ಟೆಗೆ ಸುಕ್ಕಿಲ್ಲದಂತೆ ಇಸ್ತ್ರಿ ಹಾಕಿದವಳು ಪ್ರೇಮಲಾ. ನೋಡಲು ಬಂದವರು ಗುರುಬಸವನ ಬೆನ್ನು ತಟ್ಟುತ್ತಿದ್ದರು. ಪ್ರೇಮಲಾ ಅವರಿಗೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು.

ಅವಳು ಮನೂರಿನವಳು. ಹತ್ತೊಂಬತ್ತಕ್ಕೆ ಲಗ್ನವಾಗಿ ಬಂದವಳಿಗೆ ಈಗ ನಲವತ್ನಾಲ್ಕು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅದಕ್ಕೆ ಸಿಗುತ್ತಿದ್ದದ್ದು ಮಧ್ಯಾಹ್ನದ ಎರಡು ತಾಸು. ಅತ್ತೆ ಸುಗಲಾಬಾಯಿಗೆ ನೆನಪು ಕೆಟ್ಟ ಮೇಲೆ ಅವೂ ಹೋದವು. ಮೂರು ಗಂಟೆಯಾಯಿತೆಂದರೆ ಮುದುಕಿ, ಜೋಳ ಬೀಸಿಲ್ಲ, ಹನ್ನೆರಡು ಜನ ಉಣ್ಣುವವರಿದ್ದಾರೆ ಎಂದು ಅಳುತ್ತ ಮನೆಯೆಲ್ಲ ಬೀಸುಕಲ್ಲು ಹುಡುಕುತ್ತಿದ್ದಳು. ಓಣಿಗೆ ಗಿರಣಿ ಬಂದು ಮೂವತ್ತು ವರ್ಷವಾಯಿತು, ಈಗ ಉಣ್ಣುವವರು ಮೂರೇ ಜನ ಎಂದರೆ ಕೇಳುತ್ತಿರಲಿಲ್ಲ.

ಜನವರಿಯಲ್ಲಿ ಗುರುಬಸವ ಮೂರು ಪ್ರೊಪೆಲರ್ ತಂದ. ಮನೆಯಲ್ಲಿ ಅವಕ್ಕೆ ಪಂಖಾ ಎಂದೇ ಹೆಸರು. ಮುಂದಿನ ತಿಂಗಳು ಜಹೀರಾಬಾದಿನ ಹೊರಗಿನ ಬಯಲಲ್ಲಿ ಇಂಥ ವಿಮಾನದ ಹುಚ್ಚಿನವರು ಸೇರುವವರಿದ್ದರು. ಅಷ್ಟರಲ್ಲಿ ಮೂರರಲ್ಲೊಂದನ್ನು ಆರಿಸಬೇಕಿತ್ತು. ಒಂದು ಮರದ್ದು, ಎರಡು ಎಲೆಯದು, ಇಪ್ಪತ್ಮೂರು ಇಂಚು ಉದ್ದ. ಜೋರಾಗಿ ಎಳೆಯುತ್ತದೆ, ಆದರೆ ಓಡುವಾಗ ಬಾಲ ಎದ್ದರೆ ತುದಿ ನೆಲಕ್ಕೆ ತಾಗುವ ಭಯ. ಇನ್ನೊಂದು ಮೂರು ಎಲೆಯದು, ಗಿಡ್ಡ. ನೋಡಲು ನಿಜವಾದ ಯುದ್ಧವಿಮಾನದ್ದೇ. ಮೂರನೆಯದು ಕಪ್ಪು ಕಾರ್ಬನ್ನಿನದು, ವೇಗಕ್ಕೆ. ಅದರ ಅಂಚು ಈಳಿಗೆಮಣೆಯಷ್ಟು ಚೂಪು.

ರವಿವಾರ ಬೆಳಿಗ್ಗೆ ಕಾರ್ಖಾನೆಯ ಹಿಂದಿನ ಖಾಲಿ ಜಾಗದಲ್ಲಿ ಪರೀಕ್ಷೆ. ವಿಮಾನದ ಬಾಲಕ್ಕೆ ಹಗ್ಗ, ಹಗ್ಗಕ್ಕೆ ತೂಕದ ಕೊಕ್ಕೆಕಾಂಟಾ, ಕಾಂಟಾವನ್ನು ಕಲ್ಲಿನ ಚಪ್ಪಡಿಗೆ ಕಟ್ಟುತ್ತಿದ್ದರು. ಗುರುಬಸವ ಎಂಜಿನ್ ಚಾಲೂ ಮಾಡುತ್ತಿದ್ದ. ಪ್ರೇಮಲಾ ಬಾಲ ಹಿಡಿದು, ಕಣ್ಣಿಗೆ ಧೂಳು ಹೊಡೆಯುತ್ತಿದ್ದರೂ ಕಾಂಟಾ ಓದಿ, ಪಂಖಾ ಎಷ್ಟು ಎಳೆಯಿತೆಂಬ ಅಂಕಿ ಕೂಗಿ ಹೇಳುತ್ತಿದ್ದಳು. ನಂತರ ಮನೆಗೆ ತಂದು ಒರೆಸಿ, ಓಡಾಡುವಾಗ ಸೀರೆಗೆ ಸಿಗದಂತೆ ಎಲೆಗಳನ್ನು ನೆಲಕ್ಕೆ ಸಮವಾಗಿ ಅಡ್ಡ ನಿಲ್ಲಿಸುತ್ತಿದ್ದಳು.

ಸಂಜೆ ನೋಡಿದರೆ ಅವು ನೆಟ್ಟಗೆ ನಿಂತಿರುತ್ತಿದ್ದವು.

ಹೇಳಿದರೆ ಗುರುಬಸವ ನಕ್ಕ. ಎಂಜಿನ್ನಿನ ಒಳಗೆ ಗಾಳಿ ಒತ್ತಿ ಹಿಡಿದಿರುತ್ತದೆ, ಬಿರುಗಾಳಿಗೂ ಪಂಖಾ ತಾನಾಗಿ ತಿರುಗುವುದಿಲ್ಲ ಎಂದ. ಮರುದಿನ ಪ್ರೇಮಲಾ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಮೂರಕ್ಕೆ ಸುಗಲಾಬಾಯಿ ಮಣೆ ತಂದು ವಿಮಾನದ ಮೂತಿಯೆದುರು ಹಾಕಿ ಕುಳಿತಳು. ಮರದ ಪಂಖಾದ ಒಂದು ಎಲೆ ಹಿಡಿದು ತಿರುಗಿಸತೊಡಗಿದಳು. ಅರ್ಧ ಸುತ್ತು ತಾನು ದೂಡಿ, ಇನ್ನರ್ಧಕ್ಕೆ ಕೈ ಸಡಿಲ ಬಿಡುತ್ತಿದ್ದಳು, ಎದುರಿಗೆ ಇನ್ನೊಬ್ಬರು ಕುಳಿತಂತೆ. ಗುನುಗುತ್ತಿದ್ದಳು. ಅಳು ಇರಲಿಲ್ಲ.

“ಲಚ್ಚಮ್ಮ ಬಂದಾಳ ನೋಡು,” ಎಂದಳು ಸೊಸೆಯನ್ನು ಕಂಡು. “ನೀ ಹೋಗು, ನಿನ್ನ ಕೆಲಸ ನೋಡ್ಕೋ.”

ಲಚ್ಚಮ್ಮ ಸುಗಲಾಬಾಯಿಯ ನೆಗೆಣ್ಣಿ. ಇಬ್ಬರೂ ಬೀಸುಕಲ್ಲಿನ ಒಂದೇ ಗೂಟ ಹಿಡಿದು ಇಪ್ಪತ್ತು ವರ್ಷ ಬೀಸಿದವರು. ಪ್ರೇಮಲಾ ಈ ಮನೆಗೆ ಬರುವ ಮೊದಲೇ ಲಚ್ಚಮ್ಮ ತೀರಿಕೊಂಡಿದ್ದಳು.

ಪ್ರೇಮಲಾ ತಡೆಯಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತಳು. ಎರಡು ತಾಸು ಅವಳ ಕೈಗೆ ವಾಪಸು ಬಂದಿದ್ದವು. ಆ ವಾರ ನಾಲ್ಕು ಬ್ಲೌಸ್ ಮುಗಿದವು. ಒಮ್ಮೆ ದಾರ ಕಡಿದು ಯಂತ್ರ ನಿಂತಾಗ ನಡುಮನೆಯಿಂದ ಗುನುಗು ಕೇಳಿಸಿತು. ಎರಡು ದನಿ ಇದ್ದಂತಿತ್ತು. ಅವಳು ಬೇಗಬೇಗ ದಾರ ಪೋಣಿಸಿ ಯಂತ್ರ ಓಡಿಸಿದಳು.

ಮುಂದಿನ ರವಿವಾರ ಕಪ್ಪು ಪಂಖಾದ ಪರೀಕ್ಷೆ ನಡೆಯಿತು. ಸಂಜೆ ಗೆಳೆಯರು ಬಂದರೆಂದು ಗುರುಬಸವ ಎಂಜಿನ್ನಿನ ಕಿಡಿಯ ಬ್ಯಾಟರಿ ಬಿಚ್ಚುವುದನ್ನು ಮರೆತ. ಸೋಮವಾರ ಮೂರೂಕಾಲಿಗೆ ಪ್ರೇಮಲಾ ನೀರು ಕುಡಿಯಲು ಎದ್ದು ನಡುಮನೆಗೆ ಬಂದಳು. ಸುಗಲಾಬಾಯಿ ಎರಡೂ ಕೈ ಮೇಲೆತ್ತಿ ಬಿಚ್ಚಿದ ತುರುಬು ಕಟ್ಟಿಕೊಳ್ಳುತ್ತಿದ್ದಳು. ಅವಳ ಮುಂದೆ ಕಪ್ಪು ಎಲೆ ಮೆಲ್ಲಗೆ ಮೇಲೇರುತ್ತಿತ್ತು, ಯಾರೋ ದಮ್ಮು ಹಿಡಿದು ದೂಡುವಂತೆ. ಮೇಲಿನ ತುದಿಗೆ ಮುಟ್ಟಿತು. ಒಳಗೆ ಕಿಡಿ ಹಾರಿ ಎಂಜಿನ್ ಒಮ್ಮೆ ಉಗುಳಿತು. ಪಂಖಾ ಅರ್ಧ ಸುತ್ತು ಬೀಸಿ ಹೊಡೆದು ನಿಂತಿತು. ಮಣೆಯ ಅಂಚು ಎರಡು ಬೆರಳಗಲ ಹಾರಿಹೋಗಿತ್ತು. ಪೆಟ್ರೋಲಿನ ವಾಸನೆಯ ನಡುವೆ ಮುದುಕಿ ತುರುಬಿನ ಗಂಟು ಬಿಗಿಯುತ್ತಲೇ ಇದ್ದಳು.

ರಾತ್ರಿ ಊಟದ ಹೊತ್ತಿಗೆ ಪ್ರೇಮಲಾ ಎಲ್ಲವನ್ನೂ ಗಂಡನಿಗೆ ಹೇಳಿದಳು. ಗುರುಬಸವನಿಗೆ ಅರ್ಧ ಮಾತ್ರ ಕೇಳಿಸಿತು.

“ಮನ್ಯಾಗೇ ಇರ್ತಿ. ಅವ್ವನ ಕಡಿ ಜರಾ ನೋಡ್ಲಾಕ ಆಗಲ್ಲೇನು?”

“ಬ್ಯಾಟರಿ ಬಿಚ್ಚೋದು ನಿಮ್ಮ ಕೆಲಸ ಇತ್ತು,” ಎಂದಳು ಪ್ರೇಮಲಾ. “ನಾಳಿ ಮೂರಕ್ಕ ನೀವೇ ಕುಂದರ್ರಿ. ಇಲ್ಲಂದ್ರ ನಾ ವಿಮಾನ ಹೊರಗ ಇಡ್ತೀನಿ.”

ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಅವನು ಅರ್ಧ ದಿನ ರಜೆ ಹಾಕಿದ. ಬ್ಯಾಟರಿ ಬಿಚ್ಚಿ ಬೈಕಿನ ಡಬ್ಬಿಯಲ್ಲಿಟ್ಟ. ತಾಯಿ ಎಷ್ಟು ಅತ್ತರೂ ಮಂಚದಿಂದ ಇಳಿಯಲು ಬಿಡುವುದಿಲ್ಲ ಎಂದು ಹೇಳಿ ಕುಳಿತ. ಹತ್ತು ನಿಮಿಷ ಅವಳ ಅಳು ಕೇಳಿದ ಮೇಲೆ ಕಪ್ಪು ಪಂಖಾ ತೆಗೆದು ಮರದ್ದು ಜೋಡಿಸಿ, ತಾನೇ ಅವಳನ್ನು ಎಬ್ಬಿಸಿ ಮಣೆ ಹಾಕಿಕೊಟ್ಟ.

ಸುಗಲಾಬಾಯಿ ತಿರುಗಿಸಿದಳು. ನಡುವೆ ಕೈ ಬಿಟ್ಟು, ಇಲ್ಲದ ಮೊರದಿಂದ ಇಲ್ಲದ ಜೋಳ ಹಿಡಿ ತುಂಬಿಕೊಂಡಳು. ಎಲೆ ತಿರುಗುತ್ತಲೇ ಇತ್ತು. ಗುರುಬಸವ ಎದ್ದು ಅದನ್ನು ಗಟ್ಟಿಯಾಗಿ ಹಿಡಿದ. ಒತ್ತಿದ ಗಾಳಿ ಒಮ್ಮೆ ಹಿಂದೆ ಒದ್ದು ಬಿಟ್ಟುಬಿಡುತ್ತದೆ. ಅಷ್ಟು ಅವನಿಗೆ ಗೊತ್ತಿತ್ತು. ಇದು ಬಿಡಲಿಲ್ಲ. ಆಚೆ ಕಡೆಯಿಂದ ಒಂದೇ ಸಮ ಎಳೆಯುತ್ತಿತ್ತು, ರೂಢಿಯಾದ ಕೈಯಂತೆ.

“ಗುರು, ಕೈ ತೆಗಿ,” ಎಂದಳು ತಾಯಿ. “ಆಕಿ ಮೊದಲೇ ದಣದಾಳ. ನೀ ಅಡ್ಡ ಹಿಡದ್ರ ಭಾರ ಆಗ್ತದ.”

ಗುರುಬಸವ ಕೈ ತೆಗೆದ. ಬೆಳಕಿರುವಷ್ಟು ಹೊತ್ತೂ ಗೋಡೆಗೆ ಒರಗಿ ಕುಳಿತಿದ್ದ. ದೀಪ ಹಚ್ಚಿದ ಮೇಲೆ ಮೂರೂ ಪಂಖಾ ಚಾಪೆಯ ಮೇಲೆ ಇಟ್ಟು, ಯಾವುದು ಎಂದು ಹೆಂಡತಿಯನ್ನು ಕೇಳಿದ. ಬಾಲ ಹಿಡಿದು ಅಂಕಿ ಕೂಗಿದವಳನ್ನು ಅವನು ಅದುವರೆಗೆ ಈ ಪ್ರಶ್ನೆ ಕೇಳಿರಲಿಲ್ಲ.

“ಜಹೀರಾಬಾದಿಗಿ ಯಾವುದಾರ ಹಾಕ್ಕೊಳ್ರಿ,” ಎಂದಳು ಅವಳು. “ಮನ್ಯಾಗ ಮರದ್ದೇ ಇರಲಿ. ಹಗುರ ತಿರಗಬೇಕು.”

ಅವನು ಎಂಜಿನ್ನಿನ ಪ್ಲಗ್ ಬಿಚ್ಚಿ ಒಳಗಿನ ಗಾಳಿಯ ಒತ್ತಡ ತೆಗೆದ. ಮರದ ಎಲೆಗಳ ಅಂಚನ್ನು ಉಜ್ಜಿ ದುಂಡಗೆ ಮಾಡಿದ. ಬೈಕಿನ ಡಬ್ಬಿಯ ಕೀಲಿ ಪ್ರೇಮಲಾಳ ಹತ್ತಿರ ಉಳಿಯಿತು. ವಿಮಾನ ಒರೆಸುವ ಕೆಲಸ ಅವನದಾಯಿತು. ಅದನ್ನೂ ಅವಳೇ ಹೇಳಿದ್ದು.

ಒಂದು ತಿಂಗಳ ನಂತರ ಒರೆಸುವಾಗ ಅವನು ಹೆಂಡತಿಯನ್ನು ಕರೆದ. ಒಂದು ಎಲೆಯಲ್ಲಿ ತಾಯಿಯ ಕೈ ಆಡಿದ ಕಡೆ ವಾರ್ನಿಷ್ ಸವೆದು, ಅವಳ ಬೆರಳಿನ ವಿಭೂತಿ ಅಂಟಿತ್ತು. ಅವಳು ಯಾವಾಗಲೂ ಹಿಡಿಯುವುದು ಆ ಎಲೆಯನ್ನೇ. ಎದುರಿನ ಎಲೆಯೂ ಅಷ್ಟೇ ದೂರದಲ್ಲಿ ಸವೆದಿತ್ತು. ಅದರ ಮೇಲೆ ವಿಭೂತಿ ಇರಲಿಲ್ಲ.

ಗುರುಬಸವ ವಾರ್ನಿಷಿನ ಡಬ್ಬಿ, ಬ್ರಷ್ ತಂದ. ಪ್ರೇಮಲಾ ಗಡಿಯಾರ ನೋಡಿದಳು. ಎರಡೂವರೆ ಆಗಿತ್ತು.

“ಈಗ ಬ್ಯಾಡ್ರಿ,” ಎಂದಳು. “ಹಸಿ ಇದ್ರ ಕೈಗಿ ಅಂಟ್ತದ.”

ಯಾರ ಕೈಗೆ ಎಂದು ಅವನು ಕೇಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದ.