ಹರಾಜು ಕೂಗುವವನ ಜೋಗುಳ

ಮಂಡಿಯಿಂದ ಬಂದು ಅಂಗಿ ಬಿಚ್ಚಿದರೆ ನಜ್ಜುಗುಜ್ಜಾದ ಟೊಮೆಟೊದ ಹುಳಿವಾಸನೆ. ನಿಮಗಾದರೆ ಸಾರು ನೆನಪಾದೀತು; ನನಗೆ ನೆನಪಾಗುವುದು ಹಾಡು. ನಗಬೇಡಿ. ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವುದು ನನ್ನ ಕಸುಬು. ನಲವತ್ತು ದಾಟಿದ ಮೇಲೆ, ಬೇರೆಯವರು ಬಿಪಿ ಮಾತ್ರೆ ಶುರು ಮಾಡುವ ವಯಸ್ಸಿನಲ್ಲಿ, ನನಗೆ ಹಾಡು ಕಟ್ಟುವ ಹುಚ್ಚು ಹಿಡಿಯಿತು.

ಹಿಡಿಸಿದವಳು ತಡವಾಗಿ ಹುಟ್ಟಿದ ಮಗಳು. ವಕ್ಕಲೇರಿಯ ಮನೆಯಲ್ಲಿ ಮಧ್ಯಾಹ್ನ ತೊಡೆಯ ಮೇಲೆ ಮಲಗಿ, "ಅಪ್ಪಾ, ಎಲ್ಲಾರ್ ಹಾಡೂ ಬೇಡ, ನಂದೇ ಹಾಡು ಹೇಳು" ಅನ್ನುತ್ತಿದ್ದಳು. ಕಟ್ಟಿದೆ. ಆದರೆ ಹರಾಜಿನಲ್ಲಿ ಪ್ರತಿ ಕೂಗೂ ಹಿಂದಿನದಕ್ಕಿಂತ ಮೇಲೇರಬೇಕು, ಆಗಲೇ ವ್ಯಾಪಾರಿಗಳು ದರ ಏರಿಸುವುದು. ನನ್ನ ಜೋಗುಳವೂ ಸಾಲಿಗೊಮ್ಮೆ ಏರುತ್ತಲೇ ಹೋಯಿತು. ಕೂಸು ಕಣ್ಣರಳಿಸಿ ಎದ್ದು ಕೂತಿತು. ಒಳಗಿನಿಂದ ನನ್ನಾಕೆ, "ಏನ್ರೀ, ಮಗೂನ ಮಲಗಿಸ್ತಿದೀರೋ, ಹರಾಜಿಗೆ ಇಟ್ಟಿದೀರೋ?" ಎಂದಳು.

ಪಟ್ಟು ಬಿಡಲಿಲ್ಲ. ಇಳಿಯುವ ರಾಗವನ್ನು ಮಂಡಿಗೆ ಹೋಗುವ ದಾರಿಯುದ್ದಕ್ಕೂ ಗುನುಗಿ ಗುನುಗಿ ಅಭ್ಯಾಸ ಮಾಡಿದೆ. ಅದು ಮಂಡಿಯಲ್ಲೇ ನಾಲಿಗೆಗೆ ಬಂತು. ಕೂಗು ಸಪ್ಪಗಾಯಿತು, ದರ ನಿಂತಲ್ಲೇ ನಿಂತಿತು. ಬೈರಕೂರಿನ ರೈತನೊಬ್ಬ ಕೆಂಡವಾದ: "ನನ್ನ ಮಾಲ್ ಮುಂದೆ ನಿಂತ್ಕಂಡು ಜೋಗುಳ ಹಾಡ್ತೀಯೇನ್ಲಾ?" ಅವನು ಹೇಳಿದ್ದು ಸರಿಯೇ ಇತ್ತು, ಸ್ವಾಮಿ. ಅವನ ಮನೆಯಲ್ಲೂ ಮಕ್ಕಳಿದ್ದರು.

ಸೀಸನ್ ಮುಗಿಯಲಿ, ಆಮೇಲೆ ನಿಧಾನವಾಗಿ ಕೂತು ಮುಗಿಸೋಣ ಅಂದುಕೊಂಡೆ. ಮಂಡಿಗೆ ಸೀಸನ್ ಮುಗಿಯುವುದು ಅಂತ ಎಲ್ಲಿದೆ? ಮಗಳು ಶಾಲೆಗೆ ಹೋದಳು, ಹೈಸ್ಕೂಲಿಗೂ ಹೋದಳು. ನನ್ನ ಗಂಟಲು ಒಡೆಯಿತು. ಡಾಕ್ಟರು, "ಕೂಗೋದು ಬಿಡಿ, ಇಲ್ಲಾ ಹಾಡೋದು ಬಿಡಿ. ಎರಡಕ್ಕೂ ಸಾಲಲ್ಲ" ಅಂದರು. ಹಾಡಿನಿಂದ ಅನ್ನ ಹುಟ್ಟುವುದಿಲ್ಲವಲ್ಲ. ಈಗ ಇರುವಷ್ಟು ದನಿ ಬೆಳಗಿನದು, ಅದು ಮಂಡಿಯ ಪಾಲು. ಮನೆಗೆ ಬರುವ ಹೊತ್ತಿಗೆ ಬರೀ ಗಾಳಿ.

ಇವತ್ತು ಮಧ್ಯಾಹ್ನ ಆ ಹಾಡು ಮುಗಿಯಿತು. ಕೊನೆಯ ಸಾಲು ಸಿಕ್ಕಾಗ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಹಾಡನ್ನು ಫೋನಿನಲ್ಲೇ ಬರೆದಿಟ್ಟಿದ್ದೆ; ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದ ಮಗಳ ಮುಂದೆ ಅದನ್ನು ಹಿಡಿದೆ. ಓದಿದಳು. ಇನ್ನೊಮ್ಮೆ ಓದಿದಳು.

"ನಂದೇನಪ್ಪಾ ಇದು? ರಾಗ ಹೆಂಗೆ?"

ಬಾಯಿ ತೆರೆದೆ. ಗಾಳಿ ಬಂತು, ಹಿಂದೆಯೇ ಕೆಮ್ಮು. ಅವಳು ಓಡಿಹೋಗಿ ಬಿಸಿನೀರು ತಂದು, ಬೆನ್ನು ಸವರಿದಳು.

"ಬಿಡಪ್ಪಾ, ಹಾಡ್ಬೇಡ. ಬೆಳಿಗ್ಗೆ ಮಂಡಿ ಐತಲ್ಲ, ಗಂಟ್ಲು ಉಳಿಸ್ಕೋ."